ಸೈಫಾಬಾದಿನ ಟಂಕಸಾಲೆಯೂ ಮೊಹರು ಹಾಕಿದ ಸುರುಳಿಗಳೂ

ಕೃಷ್ಣೆಯ ಉತ್ತರ ದಂಡೆಯ ನಮ್ಮ ಊರುಗಳವರಿಗೆ ಹೈದರಾಬಾದು ರಾಜಧಾನಿಯೇನೋ ಹೌದು, ಆದರೆ ರೈಲಿನ ಮಟ್ಟಿಗೆ ಬಹುಕಾಲ ಅದು ಸುತ್ತುದಾರಿಯ ಊರಾಗಿಯೇ ಉಳಿದಿತ್ತು. ವಾಡಿ ಜಂಕ್ಷನ್ನಿನ ಮೇಲೆ ಬಳಸಿ ಹೋಗಬೇಕು, ಇಲ್ಲವೇ ಮಕ್ತಲ್, ಮಹಬೂಬನಗರಗಳ ಮೇಲೆ ಬಸ್ಸಿನಲ್ಲಿ ಕುಲುಕುತ್ತ ಸಾಗಬೇಕು. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಣ ಹೊಸ ಹಳಿಯ ಉದ್ಘಾಟನೆಯಾಗಿ, ರಾಯಚೂರಿನಿಂದ ಕಾಚಿಗೂಡಕ್ಕೆ ನೇರವಾಗಿ ಗಾಡಿ ಓಡತೊಡಗಿದ ಮೇಲೆ ಈ ಕೊರತೆ ನೀಗಿತು. ಕೃಷ್ಣಾ ನಿಲ್ದಾಣದಲ್ಲಿ ಹತ್ತಿ ಕುಳಿತರೆ ಮಾಗನೂರು, ಮಕ್ತಲ್, ದೇವರಕದ್ರ ಎಂದು ಪರಿಚಿತ ಹೆಸರುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಮಕ್ತಲಿನವರೆಗೆ ಡಬ್ಬಿಯಲ್ಲಿ ಕನ್ನಡವೇ ಹೆಚ್ಚು. ಮಹಬೂಬನಗರ ಬರುವಷ್ಟರಲ್ಲಿ ತೆಲುಗು ಮೇಲಾಗಿ, ಶಾದನಗರ ದಾಟಿದಂತೆ ದಕ್ಖನಿ ಉರ್ದು ಕಿವಿಗೆ ಬೀಳತೊಡಗುತ್ತದೆ. ಭಾಷೆಗಳು ಹೀಗೆ ಒಂದರೊಳಗೊಂದು ಸೇರಿಕೊಳ್ಳುವುದನ್ನು ಕೇಳುತ್ತ ಪ್ರಯಾಣ ಮಾಡುವ ಸುಖ ನಮ್ಮಂಥ ಗಡಿನಾಡಿನವರಿಗೆ ಮಾತ್ರ ಗೊತ್ತು.

ಹೈದರಾಬಾದಿಗೆ ಹೋದವರು ಚಾರ್ಮಿನಾರನ್ನೂ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯವನ್ನೂ ನೋಡಿ, ಬಳೆ ಕೊಂಡು ಹಿಂದಿರುಗುವುದು ವಾಡಿಕೆ. ನಾವು ಈ ಸಲ ಹೋದುದು ಸೈಫಾಬಾದಿನ ಹಳೆಯ ಟಂಕಸಾಲೆಯನ್ನು ನೋಡುವುದಕ್ಕಾಗಿ. ಅದಕ್ಕೆ ಕಾರಣರಾದವರು ನಮ್ಮ ಭಾವಮೈದುನರು. ನದಿಯಾಚೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದ ಇವರ ಕೈಯಲ್ಲಿ ಭವಿಷ್ಯನಿಧಿಯ ಹಣ ಬಂದು ಕೂತಿತ್ತು. ಅದರಲ್ಲಿ ಕಿರಿಯ ಮಗಳ ನರ್ಸಿಂಗ್ ವಿದ್ಯಾಭ್ಯಾಸಕ್ಕೆಂದು ಎತ್ತಿಟ್ಟ ಪಾಲಿನ ಮೇಲೆ ಒಬ್ಬ ನಾಣ್ಯ ವ್ಯಾಪಾರಿಯ ಜಾಹೀರಾತಿನ ನೆರಳು ಬಿದ್ದಿತ್ತು. ಮೊಬೈಲಿನಲ್ಲಿ ಬಂದ ಚಿತ್ರವನ್ನು ಅವರು ನಮ್ಮ ಮುಂದೆ ಹಿಡಿದರು.

"ಮಾಮಾ, ಬಸವಣ್ಣನ ನಾಣ್ಯ ಅದಾವ್ರಿ. ಒಂದೂ ಕೈ ಮುಟ್ಟಿಲ್ಲಂತ, ಸೀಲ್ ಹಾಕಿದ್ದು ಹಾಕಿದಂಗ ಅದ. ಐದು ವರ್ಷ ಇಟ್ರ ಮೂರುಪಟ್ಟು ಆಗ್ತದಂತ್ರಿ."

ಮಹಾತ್ಮಾ ಬಸವೇಶ್ವರರ ಸ್ಮರಣಾರ್ಥ ಭಾರತ ಸರ್ಕಾರ 2006ರಲ್ಲಿ 5 ರೂಪಾಯಿಯ ಮತ್ತು 100 ರೂಪಾಯಿಯ ನಾಣ್ಯಗಳನ್ನು ಹೊರಡಿಸಿದ್ದು ನಿಜ. ವ್ಯಾಪಾರಿ ತೋರಿಸಿದ್ದು ಆ 5 ರೂಪಾಯಿಯ ನಾಣ್ಯ. ಐವತ್ತು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಕೊಳವೆಯಾಕಾರದಲ್ಲಿ ಬಿಗಿದು ಎರಡೂ ತುದಿಗೆ ಮೊಹರು ಹಾಕಿದ ಸುರುಳಿ ಒಂದಕ್ಕೆ 900 ರೂಪಾಯಿ. ಇನ್ನೂರು ಸುರುಳಿ ಒಟ್ಟಿಗೆ ಕೊಂಡರೆ ಒಂದು ಲಕ್ಷ ಎಂಬತ್ತು ಸಾವಿರ. ಬಸವಣ್ಣನ ಹೆಸರನ್ನು ಮುಂದಿಟ್ಟರೆ ನಮ್ಮ ಕಡೆಯವರ ಮನಸ್ಸು ಕರಗುವುದೆಂಬುದನ್ನು ವ್ಯಾಪಾರಿ ಬಲ್ಲವನಾಗಿದ್ದ. ದೂರದಿಂದಲೇ ಹಣ ಕಳಿಸುವುದು ಬೇಡ, ಹೋಗಿ ಕಣ್ಣಾರೆ ನೋಡೋಣ, ಅದಕ್ಕೆ ಮೊದಲು ನಾಣ್ಯ ಹುಟ್ಟುವ ಮನೆಯನ್ನೂ ನೋಡೋಣ ಎಂದು ಹೇಳಿ ನಾವು ಅವರೊಡನೆ ಹೊರಟೆವು. ಹೊರಡುವಾಗ ನಮ್ಮ ತಾಯಿಯವರ ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಹಾಲಿ ರೂಪಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆವು.

ಹೈದರಾಬಾದಿನ ಟಂಕಸಾಲೆ ಮೂರನೆಯ ನಿಜಾಮ ಸಿಕಂದರ್ ಜಾಹರ ಕಾಲದಲ್ಲಿ, 1803ರಲ್ಲಿ, ಹಳೆಯ ಪಟ್ಟಣದ ಸುಲ್ತಾನ್‌ಶಾಹಿಯಲ್ಲಿ ಆರಂಭವಾದದ್ದು. ಆಗ ನಾಣ್ಯಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಬಡಿದು ಮುದ್ರಿಸುತ್ತಿದ್ದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಯಂತ್ರಗಳು ಬಂದವು. ಯಂತ್ರಗಳಿಗೆ ತಕ್ಕ ಕಟ್ಟಡವೆಂದು 1903ರಲ್ಲಿ ಸೈಫಾಬಾದಿನ ಈ ಟಂಕಸಾಲೆ ಎದ್ದು ನಿಂತಿತು. 1950ರಲ್ಲಿ ಭಾರತ ಸರ್ಕಾರದ ಅಧೀನಕ್ಕೆ ಬಂದು, 1997ರಲ್ಲಿ ಕೆಲಸವೆಲ್ಲ ಊರ ಹೊರಗಿನ ಚರ್ಲಪಲ್ಲಿಗೆ ಹೋದ ಮೇಲೆ ಈ ಆವರಣ ಮೌನವಾಗಿತ್ತು. 2022ರ ಜೂನ್ ತಿಂಗಳಲ್ಲಿ ಇದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಸಚಿವಾಲಯದ ಬಳಿಯ ಗದ್ದಲದಿಂದ ಒಳಗೆ ಕಾಲಿಟ್ಟರೆ, ಒಂದು ಕಾಲಕ್ಕೆ ಇಡೀ ಸಂಸ್ಥಾನದ ಹಣವನ್ನು ಹೆತ್ತ ಯಂತ್ರಗಳು ವಯಸ್ಸಾದ ಆನೆಗಳಂತೆ ಸುಮ್ಮನೆ ನಿಂತಿವೆ.

ನಾಣ್ಯದ ಹುಟ್ಟಿನ ಕ್ರಮವನ್ನು ಇಲ್ಲಿ ವಾಚಕರಿಗೆ ಸ್ಥೂಲವಾಗಿ ಹೇಳುವುದು ಅವಶ್ಯ. ಮುಂದಿನ ಮಾತೆಲ್ಲ ಅದನ್ನೇ ಅವಲಂಬಿಸಿದೆ. ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದುಗೊಳಿಸಿ, ತೊಳೆದು ಬೆಳಗಿಸಿ, ಮೇಲೊಂದು ಕೆಳಗೊಂದು ಅಚ್ಚುಗಳ ನಡುವೆ ಒತ್ತುತ್ತಾರೆ. ಒತ್ತಿದ ನಾಣ್ಯ ತಟ್ಟೆಯ ಮೇಲೆ ಮೆಲ್ಲನೆ ಬಂದು ಕೂರುವುದಿಲ್ಲ. ಸಾವಿರಾರು ಸಂಗಾತಿಗಳೊಡನೆ ತೊಟ್ಟಿಯಲ್ಲಿ ದಡದಡನೆ ಬೀಳುತ್ತದೆ. ಆಮೇಲೆ ಎಣಿಕೆಯಂತ್ರದಲ್ಲಿ ಹಾಯ್ದು ಚೀಲ ಸೇರುತ್ತದೆ. ಈ ಬೀಳುವಿಕೆಯಲ್ಲಿ, ಚೀಲದ ಸಾಗಾಟದಲ್ಲಿ, ಒಂದರ ಅಂಚು ಇನ್ನೊಂದರ ಮುಖಕ್ಕೆ ತಾಗಿ ಗೀರು ಬಿದ್ದೇ ಬೀಳುತ್ತದೆ. ಅಂದಮೇಲೆ 'ಚಲಾವಣೆಗೆ ಬಾರದ ನಾಣ್ಯ' ಎಂದರೆ ಯಾರ ಕಿಸೆಯಲ್ಲೂ ಸವೆಯದ ನಾಣ್ಯವೆಂದಷ್ಟೇ ಅರ್ಥ, ಕಲೆಯಿಲ್ಲದ ನಾಣ್ಯವೆಂದಲ್ಲ. ನಾಣ್ಯಶಾಸ್ತ್ರಜ್ಞರು 1ರಿಂದ 70ರವರೆಗೆ ಅಂಕ ಕೊಡುವ ಒಂದು ಪದ್ಧತಿಯನ್ನು ಅನುಸರಿಸುತ್ತಾರೆ. ಅದರಲ್ಲಿ ಚಲಾವಣೆಗೆ ಬಾರದ ನಾಣ್ಯಕ್ಕೆ 60ರಿಂದ 70ರವರೆಗೆ ಯಾವ ಅಂಕವಾದರೂ ಬರಬಹುದು. 60ಕ್ಕೂ 67ಕ್ಕೂ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಸಂಗ್ರಾಹಕರಿಗೆಂದೇ ಹೊಳಪಿನ ಅಚ್ಚಿನಲ್ಲಿ ಎಚ್ಚರಿಕೆಯಿಂದ ಒತ್ತಿ, ಪೆಟ್ಟಿಗೆಯಲ್ಲಿಟ್ಟು ಮಾರುವ 'ಪ್ರೂಫ್' ನಾಣ್ಯದ ಜಾತಿಯೇ ಬೇರೆ.

ಟಂಕಸಾಲೆಯ ಮೊಹರು ಸಂಖ್ಯೆಗೆ ಮಾತ್ರ ಸಾಕ್ಷಿ. ಈ ಚೀಲದಲ್ಲಿ ಇಷ್ಟು ನಾಣ್ಯಗಳಿವೆ, ಎಣಿಸುವ ಶ್ರಮ ಬೇಡ ಎಂಬುದಷ್ಟೇ ಅದರ ಅಭಿಪ್ರಾಯ. ರಿಸರ್ವ್ ಬ್ಯಾಂಕು 2018ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆ ಬರೆದಾಗ, ನಾಣ್ಯಗಳನ್ನು ತೂಕದ ಮೇಲೋ ನೂರು ನೂರರ ಪ್ಲಾಸ್ಟಿಕ್ ಪೊಟ್ಟಣಗಳಲ್ಲೋ ಸ್ವೀಕರಿಸಬಹುದೆಂದು ಸೂಚಿಸಿದ್ದು ಈ ಅನುಕೂಲಕ್ಕಾಗಿಯೇ. ಸರ್ಕಾರಿ ಮೊಹರಿನ ಮಾತು ಹೀಗಾದರೆ, ವ್ಯಾಪಾರಿಯೇ ತನ್ನ ಯಂತ್ರದಲ್ಲಿ ಸುತ್ತಿ ತಾನೇ ಹಾಕಿದ ಮೊಹರು ಏನನ್ನು ಹೇಳೀತು? ಅದನ್ನು ಮುಚ್ಚಿದವನು ತಾನು ಎಂದಷ್ಟೇ.

ನಿಜಾಮರ ರೂಪಾಯಿಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ನಮ್ಮ ಅಜ್ಜಿಯವರು ಕೊನೆಯವರೆಗೂ ಲೆಕ್ಕ ಹೇಳುತ್ತಿದ್ದುದು 'ಹಾಲಿ' ಮತ್ತು 'ಕಲ್ದಾರ್' ಎಂದೇ. ಹಾಲಿ ಎಂದರೆ ನಿಜಾಮರ ನಾಣ್ಯ, ಕಲ್ದಾರ್ ಎಂದರೆ ಇಂಗ್ಲಿಷರದು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಅಂದಿನ ದರ. ಈ ಏಳಕ್ಕೆ ಆರು ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ನೋಡಿದರೆ ಮೇಷ್ಟ್ರ ಮನಸ್ಸಿಗೆ ಹಿತವಾಗುತ್ತದೆ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ. ಕಲ್ದಾರಿನ ತೂಕ 11.66 ಗ್ರಾಂ, ಬೆಳ್ಳಿ ಸಾವಿರಕ್ಕೆ 917 ಪಾಲು. ಅಂದರೆ ಹಾಲಿಯಲ್ಲಿ 9.14 ಗ್ರಾಂ, ಕಲ್ದಾರಿನಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ. ಏಳರಿಂದಲೂ ಆರರಿಂದಲೂ ಗುಣಿಸಿದರೆ ಎರಡೂ ಕಡೆ 64 ಗ್ರಾಮಿನ ಆಸುಪಾಸಿಗೇ ಬರುತ್ತದೆ. ಒಳಗಿನ ಲೋಹವನ್ನು ತೂಗಿ, ಮುಖವನ್ನು ನೋಡಿ, ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ ಕೈ ಬದಲಾಯಿಸುತ್ತಿದ್ದ ಹಣವದು. ಭಾರತದಲ್ಲಿ ಸಂಸ್ಥಾನ ವಿಲೀನವಾದ ಮೇಲೂ ಹಾಲಿ ನಾಣ್ಯ ಹಲವು ವರ್ಷ ಕೂಡಿಯೇ ನಡೆದು, 1959ರಲ್ಲಿ ಪೂರ್ತಿ ನಿಂತುಹೋಯಿತು.

ಅಲ್ಲಿಂದ ಆಬಿಡ್ಸ್ ಕಡೆಗಿನ ಅಂಗಡಿಗೆ ಹೋದೆವು. ಹೆಸರು ಹೇಳುವ ಅಗತ್ಯವಿಲ್ಲ. ಇಂಥ ಅಂಗಡಿಗಳು ಎಲ್ಲ ದೊಡ್ಡ ಊರುಗಳಲ್ಲೂ ಇವೆ. ವ್ಯಾಪಾರಿ ನಡುವಯಸ್ಸಿನವನು, ಮಾತಿನಲ್ಲಿ ಮರ್ಯಾದೆಯುಳ್ಳವನು. ಚಹಾ ತರಿಸಿದ. ಸುರುಳಿಯೊಂದನ್ನು ಮೇಜಿನ ಮೇಲಿಟ್ಟ. ಎರಡು ತುದಿಗಳಲ್ಲೂ ಬಸವಣ್ಣನವರ ಮುಖ ಥಳಥಳಿಸುತ್ತಿತ್ತು. ನಡುವಿನ ನಲವತ್ತೆಂಟರ ಅಂಚು ಮಾತ್ರ ಕಾಣುತ್ತಿತ್ತು.

ಬಿಚ್ಚಿ ತೋರಿಸಬಹುದೇ ಎಂದು ಕೇಳಿದೆವು.

"ಬಿಚ್ಚಿದರೆ ಇದರ ಬೆಲೆಯೇ ಹೋಯಿತು, ಮಾಸ್ಟರ್ ಸಾಬ್," ಎಂದು ನಕ್ಕ.

ಅವನ ಮಾತು ವ್ಯಾಪಾರದ ದೃಷ್ಟಿಯಿಂದ ಸುಳ್ಳಲ್ಲ. ಆದರೆ ಅದರ ತಿರುಳನ್ನು ಗಮನಿಸಬೇಕು. ಬಿಚ್ಚದೆ ಇದ್ದರೆ ಒಳಗಿನದು ತಿಳಿಯದು, ಬಿಚ್ಚಿದರೆ ಕೊಟ್ಟ ಹೆಚ್ಚಿನ ಹಣ ನಷ್ಟ. ಕೊಂಡವನು ಮುಂದೆ ಮಾರುವಾಗ ಅವನ ಗಿರಾಕಿಯೂ ಇದೇ ಇಕ್ಕಟ್ಟಿನಲ್ಲಿರುತ್ತಾನೆ. ತುದಿಗೆ ಒಳ್ಳೆಯದನ್ನಿಟ್ಟು ನಡುವೆ ಸಾಮಾನ್ಯವಾದುದನ್ನು ತುಂಬುವ ಕೈಚಳಕ ಈ ವ್ಯಾಪಾರದಲ್ಲಿ ಹಳೆಯದು. ಈ ವ್ಯಾಪಾರಿ ಹಾಗೆ ಮಾಡಿದ್ದಾನೆಂದು ನಾವು ಹೇಳುತ್ತಿಲ್ಲ. ಮಾಡಿಲ್ಲವೆಂದು ತಿಳಿಯುವ ಉಪಾಯ ನಮ್ಮ ಬಳಿ ಇರಲಿಲ್ಲ, ಅಷ್ಟೆ. ತೂಗಿ ನೋಡೋಣವೆಂದೆವು, ಅದಕ್ಕವನು ಒಪ್ಪಿದ. ತಾಮ್ರ ಮತ್ತು ನಿಕ್ಕೆಲ್ ಬೆರೆಸಿದ 5 ರೂಪಾಯಿ ನಾಣ್ಯ 9 ಗ್ರಾಂ ತೂಗುತ್ತದೆ. ಐವತ್ತಕ್ಕೆ 450 ಗ್ರಾಂ ಆಗಬೇಕು. ಪ್ಲಾಸ್ಟಿಕ್ಕಿನ ತೂಕ ಕಳೆದರೆ ಸರಿಯಾಗಿಯೇ ಬಂತು. ನಮ್ಮ ಭಾವಮೈದುನರ ಮುಖ ಅರಳಿತು. ಆದರೆ ತಕ್ಕಡಿ ಲೋಹವನ್ನು ಬಲ್ಲದೇ ಹೊರತು ಮುಖವನ್ನು ಬಲ್ಲದು. ಅದೇ ಲೋಹದ, ಅದೇ ಅಳತೆಯ, ಸಾಧಾರಣ 5 ರೂಪಾಯಿ ನಾಣ್ಯವೂ 9 ಗ್ರಾಮೇ ತೂಗುತ್ತದೆಂದು ಅವರ ಕಿವಿಯಲ್ಲಿ ಹೇಳಬೇಕಾಯಿತು.

ಆಮೇಲೆ ನಾವು ಜೇಬಿನಿಂದ ಹಾಲಿ ರೂಪಾಯಿಯನ್ನು ತೆಗೆದು ಮೇಜಿನ ಮೇಲಿಟ್ಟೆವು. ಸವೆದ ನಾಣ್ಯ, ಯಾವ ಮೊಹರೂ ಇಲ್ಲ. ವ್ಯಾಪಾರಿ ಕೂಡಲೇ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿದ, ಎರಡೂ ಮುಖ ತಿರುಗಿಸಿ ನೋಡಿದ, ತಕ್ಕಡಿಗೆ ಹಾಕಿದ, ಅರ್ಧ ನಿಮಿಷದಲ್ಲಿ ತಾನು ಕೊಡುವ ಬೆಲೆ ಹೇಳಿದ. ಬೆಳ್ಳಿಯ ದರಕ್ಕಿಂತ ತುಸು ಮೇಲೆಯೇ ಇತ್ತು. ಮಾರುವುದಿಲ್ಲವೆಂದು ಹೇಳಿ, "ಈಗ ನಿಮ್ಮ ಸುರುಳಿಯ ಮಾತು. ಇವರು ಇಂದು ಕೊಂಡು ಮುಂದಿನ ತಿಂಗಳು ನಿಮಗೇ ಮರಳಿ ತಂದರೆ ಏನು ಕೊಡುವಿರಿ?" ಎಂದು ಕೇಳಿದೆವು. ಮಾರುಕಟ್ಟೆ ನೋಡಬೇಕು, ಗಿರಾಕಿ ಸಿಗಬೇಕು ಎಂದೆಲ್ಲ ಹೇಳಿ, ಕೊನೆಗೆ ಬಲವಂತಕ್ಕೆ, "ಸುರುಳಿಗೆ ಮುನ್ನೂರು" ಎಂದ. ಹೇಳಿಬಿಟ್ಟನಲ್ಲ, ಅದಕ್ಕಾಗಿ ಅವನನ್ನು ನಾವು ಮೆಚ್ಚುತ್ತೇವೆ.

ಹೊರಗೆ ಬಂದು, ಒಂದು ಇರಾನಿ ಹೋಟೆಲಿನಲ್ಲಿ ಕುಳಿತು, ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದೆವು. ಕೊಡುವುದು 1,80,000. ಹತ್ತು ಸಾವಿರ ನಾಣ್ಯಗಳ ಮುಖಬೆಲೆ 50,000. ಅಂಗಡಿಯವನು ಮರಳಿ ಕೊಳ್ಳುವ ದರದಲ್ಲಿ 60,000. ಇದೇ ಹಣವನ್ನು ನೂರಕ್ಕೆ 7ರ ಚಕ್ರಬಡ್ಡಿಗೆ ಇಟ್ಟರೆ ಹತ್ತು ವರ್ಷಕ್ಕೆ ಸುಮಾರು 3,54,000 ಆಗುತ್ತದೆ. ನಾಣ್ಯಗಳು ಅದಕ್ಕೆ ಸರಿದೂಗಬೇಕಾದರೆ ಒಂದೊಂದು ಸುರುಳಿಯನ್ನು ಯಾರಾದರೂ 1,770 ರೂಪಾಯಿ ಕೊಟ್ಟು, ಕೈಮೇಲೆ ಹಣವಿಟ್ಟು ಕೊಳ್ಳಬೇಕು. ಇಂದು ಅದಕ್ಕೆ ಸಿಗುವುದು 300. ಮಗಳ ಕಾಲೇಜಿನ ಶುಲ್ಕವಾದರೋ ಹತ್ತು ವರ್ಷ ಕಾಯುವುದಿಲ್ಲ, ಬರುವ ಜೂನ್‌ಗೇ ಕಟ್ಟಬೇಕು.

ಇನ್ನೂ ಒಂದು ಸಂಗತಿ ಅವರಿಗೆ ಹೊಳೆದಿರಲಿಲ್ಲ. ಇನ್ನೂರು ಸುರುಳಿಗಳೆಂದರೆ 90 ಕಿಲೋ! ಕ್ವಿಂಟಾಲಿಗೆ ಹತ್ತು ಕಿಲೋ ಕಡಿಮೆ. ಅದನ್ನು ಕಾಚಿಗೂಡದಲ್ಲಿ ಗಾಡಿಗೆ ಹೇರಿ, ಕೃಷ್ಣಾದಲ್ಲಿ ಇಳಿಸಿ, ಮನೆಯಲ್ಲಿ ತೊಗರಿ ಚೀಲದ ಪಕ್ಕದಲ್ಲಿ ಇಡಬೇಕು. ಕೆಲವು ಜಾತಿಯ ಪ್ಲಾಸ್ಟಿಕ್ಕು ವರ್ಷಗಟ್ಟಲೆ ಶಾಖದಲ್ಲಿದ್ದರೆ ನಾಣ್ಯದ ಮೇಲೆ ಹಸಿರು ಜಿಡ್ಡು ಏಳಿಸುತ್ತದೆ. ನಮ್ಮ ಸೀಮೆಯ ಬೇಸಿಗೆಯಂತೂ ಎಲ್ಲರಿಗೂ ತಿಳಿದದ್ದೇ. ಬೇಡವಾದಾಗ ಖರ್ಚು ಮಾಡಿಬಿಡೋಣವೆಂದರೆ, 2011ರ ನಾಣ್ಯ ಅಧಿನಿಯಮದ ಪ್ರಕಾರ ರೂಪಾಯಿಯ ಮತ್ತು ಅದಕ್ಕೆ ಮೇಲಿನ ನಾಣ್ಯಗಳು ಶಾಸನಬದ್ಧ ಪಾವತಿಯಾಗುವುದು ಸಾವಿರ ರೂಪಾಯಿಯವರೆಗೆ ಮಾತ್ರ. ಅಂಗಡಿಯವರ ಮಾತಂತೂ ಬೇರೆ. ಹತ್ತು ರೂಪಾಯಿಯ ಹದಿನಾಲ್ಕು ವಿನ್ಯಾಸಗಳೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿ ಹೇಳಿದ್ದರೂ, ಆ ನಾಣ್ಯವನ್ನು ಕಂಡು ಮುಖ ಸಿಂಡರಿಸಿದ ಕಿರಾಣಿಯವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

"ಹಂಗಾರ ಅಮೇರಿಕಾದಾಗ ಮಂದಿ ಇದರಾಗ ಸಾವಕಾರ ಆಗ್ಯಾರಂತಲ್ರಿ, ಮಾಮಾ?" ಎಂದು ಭಾವಮೈದುನರು ಕೊನೆಯ ಬಾಣ ಬಿಟ್ಟರು.

ಸುರುಳಿ ವ್ಯಾಪಾರದ ತವರುಮನೆ ಅಮೆರಿಕವೆಂಬುದು ನಿಜ. ಅಲ್ಲಿಯ ಕತೆಯನ್ನೂ ತಿಳಿಯಬೇಕು. 1950ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ 5 ಸೆಂಟಿನ ನಾಣ್ಯಗಳು 26,30,030 ಮಾತ್ರ ತಯಾರಾದವು. ಆ ದೇಶದ ಮಟ್ಟಿಗೆ ಇದು ಬಹಳ ಕಡಿಮೆ. ಸುದ್ದಿ ಹರಡಿ ಜನ ಸುರುಳಿಗಟ್ಟಲೆ ಎತ್ತಿಟ್ಟರು. ನಲವತ್ತು ನಾಣ್ಯಗಳ, ಎರಡು ಡಾಲರ್ ಮುಖಬೆಲೆಯ ಸುರುಳಿ 1964ರ ಹೊತ್ತಿಗೆ ಸಾವಿರ ಡಾಲರನ್ನೂ ದಾಟಿತು. ಆಮೇಲೆ ಕುಸಿದು ಅರ್ಧಕ್ಕಿಂತ ಕೆಳಗಿಳಿಯಿತು. ಕಾರಣವಿಷ್ಟೆ: ನಾಣ್ಯ ಕಡಿಮೆಯಿದ್ದರೂ ಇದ್ದುದೆಲ್ಲವೂ ಜನರ ಪೆಟ್ಟಿಗೆಗಳಲ್ಲಿ ಹೊಸದಾಗಿಯೇ ಉಳಿದಿತ್ತು, ಎಲ್ಲರೂ ಮಾರಲು ತೆಗೆದಾಗ ಕೊಳ್ಳುವವರೇ ಇಲ್ಲವಾದರು. 1999ರಿಂದ 2008ರವರೆಗೆ ಅಲ್ಲಿಯ ಐವತ್ತು ರಾಜ್ಯಗಳ ಹೆಸರಿನಲ್ಲಿ ಬಂದ ಕಾಲು ಡಾಲರ್ ನಾಣ್ಯಗಳ ಸುರುಳಿಗಳದೂ ಹೆಚ್ಚುಕಡಿಮೆ ಇದೇ ಪಾಡು. ಹಳೆಯ ನಾಣ್ಯಗಳು ದುರ್ಲಭವಾಗುವುದು ಜನ ಅವನ್ನು ನಿರ್ಲಕ್ಷಿಸಿ ಖರ್ಚು ಮಾಡಿದುದರಿಂದ. ಸ್ಮಾರಕ ನಾಣ್ಯವನ್ನಾದರೋ ಕೈಗೆ ಬಂದ ದಿನವೇ ಎಲ್ಲರೂ ಎತ್ತಿಡುತ್ತಾರೆ.

ಹಾಗೆಂದು ಸುರುಳಿಯನ್ನು ಮುಟ್ಟಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಬ್ಯಾಂಕಿನಲ್ಲಿ ಹೊಸ ನಾಣ್ಯದ ಪೊಟ್ಟಣ ಮುಖಬೆಲೆಗೆ ಸಿಕ್ಕರೆ ಧಾರಾಳವಾಗಿ ತನ್ನಿ. ಬೇಡವಾದ ದಿನ ಸಂತೆಗೆ ಒಯ್ಯಬಹುದು. ಸಂಗ್ರಹದ ಆಸಕ್ತಿಯಿದ್ದರೆ ಬಿಡಿ ನಾಣ್ಯ ಕೊಳ್ಳಿ, ಎರಡೂ ಮುಖ ನೋಡಿ. ವರ್ಷದ ಕೆಳಗಿನ ಗುರುತನ್ನೂ ನೋಡಿ: ನಕ್ಷತ್ರವಿದ್ದರೆ ಹೈದರಾಬಾದು, ವಜ್ರಾಕೃತಿಯಿದ್ದರೆ ಮುಂಬಯಿ, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ಇದು ಮಕ್ಕಳಿಗೂ ಒಳ್ಳೆಯ ಆಟ. ಮೊಬೈಲಿನಲ್ಲಿ ಬರುವ ಲಕ್ಷಾಂತರದ ಆಸೆಯ ಮಾತುಗಳನ್ನು ಮಾತ್ರ ದೂರವಿಡಬೇಕು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು, ಹಳೆಯ ನಾಣ್ಯ ಕೊಳ್ಳುವೆವೆಂದು ಮುಂಗಡ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಹೊರಡಿಸಿದೆ.

ಭಾವಮೈದುನರು ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಆರಿಹೋಯಿತು. ಆಮೇಲೆ ಎದ್ದು, ಮತ್ತೆ ಅಂಗಡಿಗೆ ಹೋಗಿ, ಬಿಡಿಯಾಗಿದ್ದ ಬಸವಣ್ಣನ ನಾಣ್ಯಗಳನ್ನು ತೆಗೆಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮೂರನ್ನು ಆರಿಸಿಕೊಂಡರು: ಇಬ್ಬರು ಹೆಣ್ಣುಮಕ್ಕಳಿಗೆ ಎರಡು, ದೇವರ ಜಗಲಿಗೆ ಒಂದು. ಹಣ ಅಂಚೆ ಕಚೇರಿಯಲ್ಲಿದೆ. ಹುಡುಗಿಯ ಮೊದಲ ವರ್ಷದ ಶುಲ್ಕ ಅದರಿಂದಲೇ ಕಟ್ಟಿಯಾಯಿತು.

ನಮ್ಮ ಹಾಲಿ ರೂಪಾಯಿ ಪೆಟ್ಟಿಗೆಗೆ ಮರಳುವ ಮುನ್ನ ಒಂದು ದಿನ ಏಳನೆಯ ತರಗತಿಗೆ ಬಂತು. ಅದರ ಮೇಲೆ ಚಾರ್ಮಿನಾರಿನ ಚಿತ್ರವಿದೆ. ನಡುವಣ ಕಮಾನಿನ ಬಾಗಿಲಲ್ಲಿ ಒಂದು ಸಣ್ಣ ಗುರುತು. ಭೂತಗನ್ನಡಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಬಾಗಲ್ದಾಗ ಯಾರೋ ನಿಂತಾರ್ರಿ!" ಎಂದು ಕೂಗಿದಳು. ನಿಂತದ್ದು ಮನುಷ್ಯನಲ್ಲ, ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ 'ಐನ್' ಎಂದು ತಿಳಿಸಿದೆವು. ಉಳಿದವರೆಲ್ಲ ಆ ಅಕ್ಷರ ನೋಡಲು ಮುಗಿಬಿದ್ದರು. ಇದಕ್ಕೆಷ್ಟು ಬೆಲೆ ಬರುತ್ತದೆಂದು ಒಬ್ಬ ಹುಡುಗ ಕೇಳಿದ. ಬೆಳ್ಳಿಯ ಅಂದಿನ ದರವನ್ನೂ 9.14 ಎಂಬ ಅಂಕಿಯನ್ನೂ ಹಲಗೆಯ ಮೇಲೆ ಬರೆದು, ಗುಣಿಸಿ ತರಲು ಹೇಳಿದೆವು.